ಬಂಗುಡೆಯ ಕಥೆಯನ್ನು ಕನ್ನಡದಲ್ಲಿ ಬರೆಯಿಸಿ: ಮೀನುಗಾರಿಕೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಮೀನುಗಾರಿಕೆ ಸಚಿವರಿಗೆ ಮತ್ತು ಮೀನುಗಾರಿಕೆ ಇಲಾಖೆಯ ನಿರ್ದೇಶಕರಿಗೆ ನಮಸ್ಕಾರಗಳು.

ಅಳಿವೆಯ ಹೂಳು, ಡೀಸೆಲ್ ಸಬ್ಸಿಡಿ, ನಾಡದೋಣಿಗಳ ಸೀಮೆಎಣ್ಣೆ, ಕಡಲ್ಕೊರೆತಕ್ಕೆ ತಡೆಗೋಡೆ. ಇವುಗಳ ಅರ್ಜಿಗಳು ನಿಮ್ಮ ಮೇಜಿಗೆ ಬರುತ್ತಲೇ ಇರುತ್ತವೆ. ಎಲ್ಲವೂ ನ್ಯಾಯವಾದ ಬೇಡಿಕೆಗಳು, ಅವುಗಳನ್ನು ಕೇಳಲು ನಮ್ಮ ಮೀನುಗಾರರ ಸಂಘಗಳಿವೆ. ನಾನು ಕೇಳಲು ಹೊರಟಿರುವುದು ಬೇರೆಯೇ ಒಂದು ವಿಷಯ. ಕಡಲನ್ನು ಓದಿಕೊಂಡವರು, ಅಂದರೆ ನಿಮ್ಮ ಇಲಾಖೆಯ ಅಧಿಕಾರಿಗಳು, ಮೀನುಗಾರಿಕೆ ಕಾಲೇಜಿನಲ್ಲಿ ಕಲಿತವರು, ಸಂಶೋಧನೆ ಮಾಡುವವರು, ತಮಗೆ ಗೊತ್ತಿರುವುದನ್ನು ಕನ್ನಡದಲ್ಲಿ, ತಮ್ಮ ಹೆಸರಿನಲ್ಲಿ, ಕಡಲ ದಡದ ಜನರಿಗಾಗಿ ಬರೆಯುವಂತೆ ಮಾಡಿ. ಆ ಬರವಣಿಗೆಯನ್ನು ಅವರ ಕೆಲಸವೆಂದೇ ಲೆಕ್ಕಕ್ಕೆ ಹಿಡಿಯಿರಿ.

ಇದನ್ನು ಯಾಕೆ ಇಷ್ಟು ಒತ್ತಿ ಕೇಳುತ್ತಿದ್ದೇನೆ ಎಂದರೆ, ಕೆಲವು ವರ್ಷಗಳ ಹಿಂದಿನ ಒಂದು ಬೆಳಗ್ಗೆ ನನ್ನ ಮನಸ್ಸಿನಿಂದ ಹೋಗಿಲ್ಲ. ಮೇ ತಿಂಗಳ ಕೊನೆಯ ವಾರ, ಮಳೆಗಾಲಕ್ಕೆಂದು ಬೋಟುಗಳು ದಡ ಸೇರುವ ದಿನ ಹತ್ತಿರವಾಗಿತ್ತು. ರಜೆಯಲ್ಲಿದ್ದ ನನ್ನ ಶಾಲೆಯ ಮಕ್ಕಳನ್ನು ಕಟ್ಟಿಕೊಂಡು ನಮ್ಮ ಕಡೆಯ ಬಂದರಿನ ದಕ್ಕೆಗೆ ಹೋಗಿದ್ದೆ. ಅಲ್ಲಿ ಒಬ್ಬ ಯುವ ವಿಜ್ಞಾನಿ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಂಗುಡೆಗಳ ಉದ್ದ ಅಳೆದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಹುಡುಗನೊಬ್ಬ ಅದೇನೆಂದು ಕೇಳಿದ. ಆಕೆ ಒಂದು ಮೀನಿನ ಹೊಟ್ಟೆ ಸೀಳಿ, ತತ್ತಿಯ ಚೀಲವನ್ನು ಅಂಗೈ ಮೇಲಿಟ್ಟುಕೊಂಡು ಹೇಳತೊಡಗಿದರು. ಈ ತತ್ತಿಗಳಿಗೆ ಗೂಡಿಲ್ಲ, ಕಾಯುವ ತಾಯಿಯಿಲ್ಲ, ತೆರೆದ ನೀರಿನಲ್ಲಿ ತೇಲುತ್ತಾ ಹೋಗುತ್ತವೆ. ಮಳೆಗಾಲದ ಗಾಳಿ ದಡದ ಮೇಲ್ನೀರನ್ನು ಆಚೆ ತಳ್ಳಿದಾಗ ಅಡಿಯ ತಣ್ಣೀರು ಮೇಲೇಳುತ್ತದೆ. ಆ ನೀರಿನ ಸಾರ ಉಂಡು ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಕಡಲ ತುಂಬಾ ಹಬ್ಬುತ್ತದೆ. ಮರಿ ಹೊರಬರುವ ಹೊತ್ತಿಗೆ ಸರಿಯಾಗಿ ಆ ಊಟ ಬಡಿಸಿದ್ದರೆ ಮುಂದಿನ ವರ್ಷ ಬಲೆ ತುಂಬುತ್ತದೆ, ಹೊತ್ತು ತಪ್ಪಿದರೆ ಮರಿಗಳು ಹಸಿವಿನಲ್ಲೇ ಸಾಯುತ್ತವೆ.

ಬಲೆ ಸರಿಪಡಿಸುತ್ತಿದ್ದ ಕಲಾಸಿಗಳು, ಅಂದರೆ ಬೋಟಿನ ಕೆಲಸದಾಳುಗಳು, ಒಬ್ಬೊಬ್ಬರಾಗಿ ಎದ್ದು ಬಂದು ಸುತ್ತ ನಿಂತರು. ಬೋಟು ನಡೆಸುವ ಹಿರಿಯ ತಾಂಡೇಲರೊಬ್ಬರು, "ಅಪ್ಪಯ್ಯನ್ ಕಾಲ್ದಿಂದ ಇದೇ ಕೆಲ್ಸ. ಇಷ್ಟ್ ಮಾತ್ ಯಾರೂ ಹೇಳ್ಲಿಲ್ಲ ಕಾಣಿ" ಎಂದರು.

ಇದನ್ನೇ ನಾಲ್ಕು ಪುಟ ಬರೆದುಕೊಡಿ ಎಂದು ಆಕೆಯನ್ನು ಕೇಳಿದೆ. ಮುಖ ಅರಳಿತು, ಮರುಗಳಿಗೆ ಬಾಡಿತು. "ಮೇಲಿನವರನ್ನು ಕೇಳಬೇಕು ಟೀಚರ್. ಕನ್ನಡದಲ್ಲಿ ಬರೆದದ್ದು ಯಾವ ಲೆಕ್ಕಕ್ಕೂ ಬರುವುದಿಲ್ಲ" ಎಂದರು. ಎರಡು ಸಲ ನೆನಪಿಸಿದೆ. ಆಮೇಲೆ ಅವರಿಗೆ ಬೇರೆ ಊರಿಗೆ ವರ್ಗವಾಯಿತು. ಆಕೆ ನಿಮ್ಮ ಇಲಾಖೆಯವರಲ್ಲ, ಬೇರೊಂದು ಕಚೇರಿಯವರು. ಆ ಕಚೇರಿಯ ಹೆಸರು ಹೇಳಿ ಯಾರನ್ನೂ ನೋಯಿಸುವ ಆಸೆ ನನಗಿಲ್ಲ. ಬರೆಯದೇ ಉಳಿದ ಆ ನಾಲ್ಕು ಪುಟಗಳದ್ದೇ ನನ್ನ ನೋವು.

ಸಚಿವರೇ, ಒಂದು ಮೀನುಗಾರಿಕೆ ಇಲಾಖೆ ಒಬ್ಬ ಬರಹಗಾರ್ತಿಯನ್ನು ಬೆಳೆಸಿದ ನಿಜವಾದ ಕಥೆಯೊಂದಿದೆ. ರೇಚಲ್ ಕಾರ್ಸನ್ ಹೆಸರನ್ನು ನೀವು ಕೇಳಿರಬಹುದು. ಕೀಟನಾಶಕಗಳ ವಿರುದ್ಧ 1962ರಲ್ಲಿ 'ಸೈಲೆಂಟ್ ಸ್ಪ್ರಿಂಗ್' ಬರೆದವರು ಎಂದು ನಮ್ಮ ಪಠ್ಯಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ದಕ್ಷಿಣ ಕನ್ನಡದ ಕೊಕ್ಕಡದ ಗೇರುತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದು ಮಕ್ಕಳ ಬದುಕೇ ಮುರಿದುಹೋದದ್ದನ್ನು ಕಂಡ ಕರಾವಳಿಗೆ ಆ ಪುಸ್ತಕದ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅದಕ್ಕೆ ಮುಂಚಿನ ಕಾರ್ಸನ್, ಕಡಲಿನ ಕಾರ್ಸನ್ ಬಗ್ಗೆ ನಾವು ಮಾತೇ ಆಡುವುದಿಲ್ಲ. ಅವರು ಅಮೆರಿಕದ ಮೀನುಗಾರಿಕೆ ಇಲಾಖೆಯ ನೌಕರರಾಗಿದ್ದರು. ಒಂದೆರಡು ವರ್ಷವಲ್ಲ, 1936ರಿಂದ 1952ರವರೆಗೆ.

ಅವರು ಹುಟ್ಟಿದ್ದು 1907ರಲ್ಲಿ, ಪೆನ್ಸಿಲ್ವೇನಿಯಾದ ಸ್ಪ್ರಿಂಗ್‌ಡೇಲ್ ಎಂಬ ನದಿದಡದ ಊರಿನಲ್ಲಿ. ಸಮುದ್ರವನ್ನು ಮೊದಲು ಕಂಡಾಗ ವಯಸ್ಸು 22. 1929ರ ಬೇಸಿಗೆಯಲ್ಲಿ ವುಡ್ಸ್ ಹೋಲ್‌ನ ಸಾಗರ ಜೀವವಿಜ್ಞಾನ ಪ್ರಯೋಗಾಲಯಕ್ಕೆ ಕಲಿಯಲು ಹೋದಾಗ. ಮನೆಯ ಹಿಂದೆಯೇ ಕಡಲು ಮೊರೆಯುವುದನ್ನು ಕೇಳುತ್ತಾ ಹುಟ್ಟಿದ ನಮಗೆ ಇದು ಅಚ್ಚರಿ. 1932ರಲ್ಲಿ ಪ್ರಾಣಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಡಾಕ್ಟರೇಟ್ ಓದುವ ಆಸೆಯಿತ್ತು, ಮನೆಯಲ್ಲಿ ದುಡ್ಡಿರಲಿಲ್ಲ. 1935ರಲ್ಲಿ ತಂದೆ ತೀರಿಕೊಂಡರು, ತಾಯಿಯನ್ನು ಸಾಕುವ ಹೊಣೆ ಬಿತ್ತು. ಎರಡು ವರ್ಷ ಕಳೆಯುವಷ್ಟರಲ್ಲಿ ಅಕ್ಕನೂ ತೀರಿಕೊಂಡು, ಅವಳ ಇಬ್ಬರು ಹೆಣ್ಣುಮಕ್ಕಳೂ ಇವರ ಮಡಿಲಿಗೆ ಬಂದರು. ನಮ್ಮ ಎಷ್ಟೋ ಮನೆಗಳ ಹಿರಿಮಗಳ ಕಥೆ ಇದೇ ತಾನೆ.

ಕೆಲಸ ಹುಡುಕಿಕೊಂಡು ಅವರು ಮೀನುಗಾರಿಕೆ ಬ್ಯೂರೋದ ಎಲ್ಮರ್ ಹಿಗಿನ್ಸ್ ಎಂಬ ಅಧಿಕಾರಿಯ ಬಳಿ ಹೋದರು. ಈ ಹೆಸರನ್ನು ದಯವಿಟ್ಟು ನೆನಪಿಡಿ. ನನ್ನ ಪತ್ರದ ನಾಯಕ ಒಂದು ರೀತಿಯಲ್ಲಿ ಇವರೇ. ಆಗ ಬ್ಯೂರೋ ಕಡಲ ಜೀವಿಗಳ ಬಗ್ಗೆ ಏಳೇಳು ನಿಮಿಷದ 52 ರೇಡಿಯೋ ಕಾರ್ಯಕ್ರಮಗಳನ್ನು ಮಾಡುವುದರಲ್ಲಿತ್ತು. ಬರೆಯಬಲ್ಲವರಿಗೆ ಮೀನು ಗೊತ್ತಿರಲಿಲ್ಲ, ಮೀನು ಬಲ್ಲವರಿಗೆ ಬರೆಯಲು ಬರುತ್ತಿರಲಿಲ್ಲ. ಹಿಗಿನ್ಸ್ ಆ ಕೆಲಸವನ್ನು ಕಾರ್ಸನ್‌ಗೆ ಕೊಟ್ಟರು. ಬರಹ ಹಿಡಿಸಿತು. ಬಳಿಕ, ಇಲಾಖೆಯ ಕಿರುಹೊತ್ತಗೆಯೊಂದಕ್ಕೆ ಸಮುದ್ರದ ಕುರಿತು ಮುನ್ನುಡಿಯಂಥದ್ದೊಂದು ಬರೆದುಕೊಡಿ ಎಂದರು. ಬರೆದು ತಂದದ್ದನ್ನು ಓದಿದ ಹಿಗಿನ್ಸ್, ಇದು ಸರ್ಕಾರಿ ಕಿರುಹೊತ್ತಗೆಗೆ ತಕ್ಕದ್ದಲ್ಲ, ಇದನ್ನು 'ಅಟ್ಲಾಂಟಿಕ್ ಮಂತ್ಲಿ' ಪತ್ರಿಕೆಗೆ ಕಳಿಸಿ ಎಂದು ಹೇಳಿದರು. ಅದು ಆಗಲೂ ಈಗಲೂ ಅಮೆರಿಕದ ದೊಡ್ಡ ಪತ್ರಿಕೆಗಳಲ್ಲಿ ಒಂದು. 1937ರ ಸೆಪ್ಟೆಂಬರಿನಲ್ಲಿ ಲೇಖನ ಅಲ್ಲಿ ಅಚ್ಚಾಯಿತು. ಅದನ್ನು ಕಂಡ ಪ್ರಕಾಶಕರು ಪುಸ್ತಕ ಬರೆಯಿರಿ ಎಂದು ಬೆನ್ನುಹತ್ತಿದರು.

ಒಬ್ಬ ಮೇಲಧಿಕಾರಿ ತನ್ನ ಕೈಕೆಳಗಿನವರ ಬರಹ ಓದಿ, ಇದು ನನ್ನ ಫೈಲಿಗಿಂತ ದೊಡ್ಡದು ಎಂದು ಗುರುತಿಸಿ, ಹೊರಗೆ ಕಳಿಸಿದ್ದು. ಇಲಾಖೆಗೆ ಇದರಿಂದ ಒಂದು ಪೈಸೆಯ ಖರ್ಚೂ ಆಗಲಿಲ್ಲ.

1936ರಲ್ಲಿ ಕಾರ್ಸನ್ ನಾಗರಿಕ ಸೇವಾ ಪರೀಕ್ಷೆಯಲ್ಲಿ ಮುಂದೆ ಬಂದು ಕಿರಿಯ ಜಲಜೀವ ವಿಜ್ಞಾನಿಯಾಗಿ ಸೇರಿದರು. ಆ ಬ್ಯೂರೋದಲ್ಲಿ ಇಂಥ ಪೂರ್ಣಾವಧಿ ವೃತ್ತಿಪರ ಹುದ್ದೆ ಸಿಕ್ಕಿದ ಎರಡನೇ ಹೆಂಗಸು ಅವರು. ಮೀನುಗಳ ಎಣಿಕೆಯ ಅಂಕಿಅಂಶ ನೋಡುವುದು, ವಿಜ್ಞಾನಿಗಳ ವರದಿಗಳನ್ನು ಜನಕ್ಕೆ ತಿಳಿಯುವ ಭಾಷೆಗೆ ತರುವುದು ಅವರ ಕೆಲಸ. ಬಾಲ್ಟಿಮೋರಿನ 'ಸನ್' ಪತ್ರಿಕೆಗೆ ಚೆಸಪೀಕ್ ಕೊಲ್ಲಿಯ ಮೀನುಗಾರಿಕೆಯ ಬಗ್ಗೆ ಬರೆದರು, ಹೆಸರನ್ನು ಆರ್.ಎಲ್. ಕಾರ್ಸನ್ ಎಂದು ಹಾಕಿದರು, ಓದುವವರು ಗಂಡಸೆಂದುಕೊಂಡು ಮಾತಿಗೆ ಬೆಲೆ ಕೊಡಲಿ ಎಂದು. ಎರಡನೇ ಮಹಾಯುದ್ಧದ ಕಾಲದಲ್ಲಿ ಮಾಂಸದ ಕೊರತೆಯಾದಾಗ, ಜನ ಮೂಸಿ ನೋಡದಿದ್ದ ಮೀನುಗಳನ್ನು ತಿನ್ನುವಂತೆ ಮಾಡಲು ಇಲಾಖೆ ಅವರಿಂದ ಪುಸ್ತಿಕೆಗಳನ್ನು ಬರೆಸಿತು. ಆ ಮೀನು ಎಲ್ಲಿ ಹುಟ್ಟಿ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಅದರಲ್ಲಿ ಬರೆದರು. 1949ರ ಹೊತ್ತಿಗೆ ಇಲಾಖೆಯ ಎಲ್ಲ ಪ್ರಕಟಣೆಗಳ ಪ್ರಧಾನ ಸಂಪಾದಕಿ ಅವರೇ.

ಅವರ ಮೊದಲ ಪುಸ್ತಕ 'ಅಂಡರ್ ದ ಸೀ-ವಿಂಡ್' 1941ರ ನವೆಂಬರಿನಲ್ಲಿ ಬಂತು. ತಿಂಗಳೊಪ್ಪತ್ತಿನಲ್ಲಿ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಬಾಂಬು ಬಿತ್ತು, ದೇಶ ಯುದ್ಧಕ್ಕಿಳಿಯಿತು, ಪುಸ್ತಕ ಕೇಳುವವರಿಲ್ಲದೆ ಹೋಯಿತು. ನನಗಂತೂ ಅವರ ಬರಹಗಳಲ್ಲೆಲ್ಲ ಪ್ರಿಯವಾದದ್ದು ಇದೇ. ಕಾರಣ ಹೇಳುತ್ತೇನೆ. ಅದರ ಮುಖ್ಯ ಪಾತ್ರಗಳಲ್ಲಿ ಒಂದು ಸ್ಕಾಂಬರ್ ಎಂಬ ಮೀನು, ಅಟ್ಲಾಂಟಿಕ್ ಸಾಗರದ ಮ್ಯಾಕೆರೆಲ್. ನಮ್ಮ ಬಂಗುಡೆಯ ದಾಯಾದಿ. ನಮ್ಮ ಬಂಗುಡೆಗೆ 1816ರಲ್ಲಿ ವಿಜ್ಞಾನ ಮೊದಲು ಇಟ್ಟ ಹೆಸರೂ ಸ್ಕಾಂಬರ್ ಕನಗುರ್ತಾ ಎಂದೇ. ಕನಗುರ್ತಾ ಎಂಬುದು ಆ ಮೀನಿಗೆ ಆಂಧ್ರದ ಕರಾವಳಿಯ ಜನ ಕರೆಯುತ್ತಿದ್ದ ತೆಲುಗು ಹೆಸರು. ಈಗ ಕುಲದ ಹೆಸರು ಬದಲಾಗಿದೆ, ಕನಗುರ್ತಾ ಹಾಗೇ ಉಳಿದಿದೆ.

ಪುಸ್ತಕದಲ್ಲಿ ಸ್ಕಾಂಬರ್ ಮೊದಲು ತೇಲುವ ಒಂದು ತತ್ತಿ. ಅಕ್ಕಪಕ್ಕದ ತತ್ತಿಗಳನ್ನು ಬೇರೆ ಬೇರೆ ಜೀವಿಗಳು ತಿಂದುಹಾಕುತ್ತಿರುವಾಗ ಹೇಗೋ ಉಳಿದುಕೊಳ್ಳುತ್ತಾನೆ. ಮರಿಯಾಗುತ್ತಾನೆ, ಹಿಂಡು ಸೇರುತ್ತಾನೆ. ಕೊನೆಗೆ ಒಂದು ರಾತ್ರಿ ಪರ್ಸಿನ್ ಬಲೆ, ಹಿಂಡನ್ನು ಸುತ್ತುವರಿದು ಅಡಿಯನ್ನು ಬಿಗಿದು ಹಿಡಿಯುವ ಬಲೆ. ಕತ್ತಲಲ್ಲಿ ಕಡಲು ತಣ್ಣಗೆ ಬೆಂಕಿಯಂತೆ ಹೊಳೆಯುತ್ತದೆ, ಮೀನಿನ ಹಿಂಡು ಆ ಹೊಳಪಿನಲ್ಲೇ ಗುರುತು ಸಿಗುತ್ತದೆ. ನಮ್ಮ ಕಲಾಸಿಗಳಿಗೆ ಈ ನೋಟ ಹೊಸತಲ್ಲ. ಆ ದೋಣಿಯಲ್ಲಿ ಕಡಲಿಗೆ ಹೊಸಬನಾದ ಒಬ್ಬ ಹುಡುಗನಿದ್ದಾನೆ. ಉಳಿದವರು ಬಲೆ ಎಳೆಯುತ್ತಿರುವಾಗ ಅವನು, ಈ ಮೀನಿನ ಕಣ್ಣು ಕೆಳಗೆ ಏನೇನು ಕಂಡಿರಬಹುದು ಎಂದು ಯೋಚಿಸುತ್ತಾನೆ.

ಈ ಪುಟಗಳನ್ನು ಮೊದಲ ಸಲ ಓದಿದಾಗ ನನ್ನಪ್ಪ ನೆನಪಾದರು. ರಂಪಣಿ ಬಲೆ ಎಳೆಯುತ್ತಿದ್ದವರು. ಊರೇ ಸೇರಿ ದಡಕ್ಕೆ ಎಳೆಯುವ ಬಲೆ ಅದು. ಮೀನಿನ ಪಾಲು ಕೇಳುತ್ತಾ ನಾವು ಮಕ್ಕಳೂ ಹಗ್ಗಕ್ಕೆ ಕೈ ಹಾಕುತ್ತಿದ್ದೆವು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸಿನ್ ಬೋಟುಗಳು ಬಂದವು. ಮೀನು ದಡಕ್ಕೆ ಬರುವ ಮೊದಲೇ ಹೊರಗೆ ಬಲೆಗೆ ಬೀಳತೊಡಗಿತು. ಕೆಲವೇ ವರ್ಷಗಳಲ್ಲಿ ರಂಪಣಿ ಮುಗಿಯಿತು. ಆ ದೊಡ್ಡ ಬದಲಾವಣೆಯ ಬಗ್ಗೆ ಇಂಗ್ಲಿಷಿನಲ್ಲಿ ಸಂಶೋಧನಾ ಲೇಖನಗಳಿವೆ, ಪುಸ್ತಕಗಳಿವೆ. ಅಪ್ಪ ಓದಬಹುದಾಗಿದ್ದ ಒಂದು ಹಾಳೆ ಅವರ ಕೈಗೆ ಬರಲಿಲ್ಲ. ಬಂಗುಡೆ ಎಲ್ಲಿಗೆ ಹೋಯಿತು ಎಂದು ಕೇಳುತ್ತಲೇ ಅವರು ಹೋಗಿಬಿಟ್ಟರು.

ಮತ್ತೆ ಕಾರ್ಸನ್‌ಗೆ ಬರುತ್ತೇನೆ. 1949ರ ಜುಲೈನಲ್ಲಿ ಅವರು ಇಲಾಖೆಯ ಸಂಶೋಧನಾ ಹಡಗು 'ಆಲ್ಬಟ್ರಾಸ್ 3'ರಲ್ಲಿ ಜಾರ್ಜಸ್ ಬ್ಯಾಂಕ್ ಎಂಬ ಮೀನಿನ ನೆಲೆಗೆ ಹೋದರು. ಐವತ್ತು ಗಂಡಸರ ಹಡಗಿನಲ್ಲಿ ಒಬ್ಬ ಹೆಂಗಸನ್ನು ಹೇಗೆ ಕಳಿಸುವುದು ಎಂದು ಅಧಿಕಾರಿಗಳು ಹಿಂದೆಮುಂದೆ ನೋಡಿದರು. ಜೊತೆಗೆ ಇನ್ನೊಬ್ಬ ಹೆಂಗಸು ಹೋಗಬೇಕೆಂದು ತೀರ್ಮಾನವಾಗಿ, ಕಾರ್ಸನ್‌ರ ಪುಸ್ತಕಗಳ ವ್ಯವಹಾರ ನೋಡಿಕೊಳ್ಳುತ್ತಿದ್ದ ಮೇರಿ ರೋಡೆಲ್ ಹೋದರು. ಹಗಲಿಡೀ ಕಚೇರಿ, ರಾತ್ರಿಯಿಡೀ ಬರವಣಿಗೆ. ಯುದ್ಧಕಾಲದಲ್ಲಿ ಕಡಲಿನ ಬಗ್ಗೆ ಕಲೆಹಾಕಿದ ಹೊಸ ಸಂಗತಿಗಳೆಲ್ಲ ಅವರ ಮೇಜನ್ನು ದಾಟಿಯೇ ಹೋಗುತ್ತಿದ್ದವು. ಅವನ್ನೆಲ್ಲ ಅರಗಿಸಿಕೊಂಡು ಬರೆದ 'ದ ಸೀ ಅರೌಂಡ್ ಅಸ್' 1951ರಲ್ಲಿ ಬಂದು, 86 ವಾರ ಅತಿ ಹೆಚ್ಚು ಮಾರಾಟದ ಪಟ್ಟಿಯಲ್ಲಿ ನಿಂತಿತು. ಮರುವರ್ಷ ಅಲ್ಲಿನ ರಾಷ್ಟ್ರೀಯ ಪುಸ್ತಕ ಪ್ರಶಸ್ತಿ ಬಂತು. ಆ ಸಮಾರಂಭದಲ್ಲಿ ಅವರು ಹೇಳಿದ ಮಾತಿನ ಸಾರ ಇಷ್ಟು: ನನ್ನ ಪುಸ್ತಕದಲ್ಲಿ ಕಾವ್ಯವಿದ್ದರೆ ಅದನ್ನು ನಾನು ಬೇಕೆಂದು ತಂದಿಟ್ಟದ್ದಲ್ಲ, ಕಡಲಿನ ಬಗ್ಗೆ ನಿಜ ಹೇಳುವವರು ಕಾವ್ಯವನ್ನು ಬಿಟ್ಟು ಹೇಳಲಾರರು.

1952ರಲ್ಲಿ ಕೆಲಸ ಬಿಟ್ಟರು. ಮರುವರ್ಷ ಹೊಸ ಸರ್ಕಾರ ಅವರ ಹಳೆಯ ಇಲಾಖೆಯ ಮುಖ್ಯಸ್ಥ ಆಲ್ಬರ್ಟ್ ಡೇ ಅವರನ್ನು ತೆಗೆದುಹಾಕಿದಾಗ ಕಾರ್ಸನ್ 'ವಾಷಿಂಗ್ಟನ್ ಪೋಸ್ಟ್'ಗೆ ಒಂದು ಪತ್ರ ಬರೆದರು. ಮಣ್ಣು, ನೀರು, ಕಾಡು, ವನ್ಯಜೀವಿಗಳೇ ದೇಶದ ನಿಜವಾದ ಸಂಪತ್ತು, ಅವನ್ನು ತಿಳಿದವರ ಕೈಯಿಂದ ಕಿತ್ತುಕೊಳ್ಳಬೇಡಿ ಎಂದು. ಸಾರ್ವಜನಿಕ ಜಗಳಕ್ಕೆ ಇಳಿಯುವ ಸ್ವಭಾವ ಅವರದಲ್ಲ. ಆದರೂ ಇಳಿದರು. 1961ರಲ್ಲಿ 'ದ ಸೀ ಅರೌಂಡ್ ಅಸ್' ಮರುಮುದ್ರಣವಾದಾಗ ಹೊಸ ಮುನ್ನುಡಿ ಸೇರಿಸಿ, ಅಣುತ್ಯಾಜ್ಯವನ್ನು ಕಡಲಿಗೆ ಸುರಿಯುತ್ತಿರುವುದರ ವಿರುದ್ಧ ಎಚ್ಚರಿಸಿದರು. 'ಸೈಲೆಂಟ್ ಸ್ಪ್ರಿಂಗ್'ನಲ್ಲೂ ಮೀನನ್ನು ಮರೆಯಲಿಲ್ಲ. ಕೆನಡಾದ ಮಿರಮಿಶಿ ನದಿಯ ಕಾಡುಗಳ ಮೇಲೆ 1954ರಲ್ಲಿ ಡಿಡಿಟಿ ಎಂಬ ಕೀಟನಾಶಕ ಸಿಂಪಡಿಸಿದಾಗ ಸಾಲ್ಮನ್ ಮರಿಗಳು ಸತ್ತದ್ದನ್ನು ಅಲ್ಲಿ ಬರೆದಿದ್ದಾರೆ. ಕೀಟನಾಶಕ ಕಂಪನಿಗಳು ಅವರನ್ನು ಹೀಯಾಳಿಸುತ್ತಿದ್ದಾಗ ಅವರ ಮೈಯೊಳಗೆ ಕ್ಯಾನ್ಸರ್ ಹರಡುತ್ತಿತ್ತು. 1963ರ ಜೂನ್‌ನಲ್ಲಿ ಸೆನೆಟ್ ಸಮಿತಿಯ ಮುಂದೆ ಕೂತು ಸಾಕ್ಷಿ ಹೇಳಿದರು. 1964ರ ಏಪ್ರಿಲ್ 14ರಂದು ತೀರಿಕೊಂಡಾಗ 56 ವರ್ಷ. ಅಮೆರಿಕದಲ್ಲಿ ಡಿಡಿಟಿ ನಿಷೇಧವಾದದ್ದು ಅದಾಗಿ ಎಂಟು ವರ್ಷಕ್ಕೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದನ್ನು ಮುಚ್ಚಿಡಬಾರದು. ಕಾರ್ಸನ್ ಸರ್ಕಾರದ ವಿರುದ್ಧ ನೇರವಾಗಿ ಬರೆದದ್ದು ಸರ್ಕಾರಿ ಕೆಲಸ ಬಿಟ್ಟ ಮೇಲೆ. ನಾಳೆ ನಿಮ್ಮ ಅಧಿಕಾರಿಯೊಬ್ಬರು ಬರೆಯಲು ಕೂತರೆ, ಮರಿಮೀನು ಮೀನುಹುಡಿಯ ಕಾರ್ಖಾನೆಗೆ ಹೋಗುವುದರ ಬಗ್ಗೆ, ಅಳಿವೆಗಳಿಗೆ ಹರಿದುಬರುವ ಕೊಳೆಯ ಬಗ್ಗೆ, ಕಡಲಾಮೆ ಮೊಟ್ಟೆಯಿಡುವ ಹೊನ್ನಾವರದ ಮರಳುದಂಡೆಯ ಮೇಲೆ ಬಂದರು ಕಟ್ಟುವುದರ ಬಗ್ಗೆ ಬರೆದಾರು. ಓದಿ ನಿಮಗೆ ಇರಿಸುಮುರಿಸಾದೀತು. ಹಾಗಾದರೂ ಬರೆಯಲು ಬಿಡಿ ಎಂದೇ ನನ್ನ ಪ್ರಾರ್ಥನೆ. ಅಷ್ಟು ದೂರ ಈಗಲೇ ಬರಲಾರಿರಾದರೆ, ಮೊದಲು ಬಂಗುಡೆಯ ತತ್ತಿಯ ಬಗ್ಗೆ ಬರೆಯಲಾದರೂ ಹೇಳಿ. ಅದರಲ್ಲಿ ಯಾರಿಗೂ ಆಕ್ಷೇಪವಿರಲಾರದು.

ಇದರಿಂದ ಏನು ಪ್ರಯೋಜನ ಎಂದು ಇಲಾಖೆಯಲ್ಲಿ ಯಾರಾದರೂ ಕೇಳಬಹುದು. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು 2017ರಲ್ಲಿ ನಿಷೇಧಿಸಲಾಯಿತು. ಈ ನಿಯಮಗಳೆಲ್ಲ ನಮ್ಮೂರಿಗೆ ಬಂದದ್ದು ಆದೇಶದ ರೂಪದಲ್ಲಿ, ದಂಡದ ರೂಪದಲ್ಲಿ. ಬೆಳಕಿಗೆ ಮೀನು ಯಾಕೆ ಬರುತ್ತದೆ, ಜೊತೆಗೆ ಎಷ್ಟು ಬಗೆಯ ಮರಿಗಳು ಬರುತ್ತವೆ, ಆ ಮರಿ ಇನ್ನೊಂದು ವರ್ಷ ಉಳಿದಿದ್ದರೆ ಯಾರ ಬಲೆಗೆ ಬರುತ್ತಿತ್ತು, ಇವನ್ನು ಕಥೆಯಂತೆ ಕೂರಿಸಿ ಹೇಳಿದವರಿಲ್ಲ. ಬೈಗೆ, ಅಂದರೆ ಮಂಗಳೂರಿನವರ ಭೂತಾಯಿ ಮೀನು, ಬಾರದ ವರ್ಷ "ಬೈಗೆ ಕಾಂಬುಕೇ ಇಲ್ಲೆ ಟೀಚರೇ" ಎಂದು ಮನೆಗೆ ಬಂದು ಕೂತವರಿಗೆ ನಾನು ಏನು ಹೇಳಲಿ? ಪತ್ರಿಕೆಗಳು 'ಮತ್ಸ್ಯಕ್ಷಾಮ' ಎಂಬ ದಪ್ಪ ಅಕ್ಷರದಲ್ಲಿ ನಿಂತುಬಿಡುತ್ತವೆ. ಬೆಚ್ಚಗಾಗುತ್ತಿರುವ ಕಡಲು, ಮೇಲೇಳದ ತಣ್ಣೀರು, ಮೊಟ್ಟೆಯಿಡುವ ಮೊದಲೇ ಬಲೆಗೆ ಬಿದ್ದ ಮೀನು, ಇವೆಲ್ಲ ಹೇಗೆ ಒಂದಕ್ಕೊಂದು ಹೆಣೆದುಕೊಂಡಿವೆ ಎಂದು ತಿಳಿದವರು ಇದೇ ಕರಾವಳಿಯಲ್ಲಿದ್ದಾರೆ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜಿದೆ, ದೇಶದಲ್ಲೇ ಮೊದಲನೆಯದು. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರಗಳು ಮಂಗಳೂರಿನಲ್ಲೂ ಕಾರವಾರದಲ್ಲೂ ಇವೆ. ತಿಳಿವಳಿಕೆಗೆ ನಮ್ಮಲ್ಲಿ ಕೊರತೆಯಿಲ್ಲ.

ಕನ್ನಡದಲ್ಲಿ ಇದಾಗದು ಎನ್ನುವವರಿಗೆ ಬಿ.ಜಿ.ಎಲ್. ಸ್ವಾಮಿಯವರನ್ನು ನೆನಪಿಸುತ್ತೇನೆ. ಸಸ್ಯವಿಜ್ಞಾನಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು, ಮುಂದೆ ಅಲ್ಲಿಯೇ ಪ್ರಾಂಶುಪಾಲರಾದವರು. ಗಿಡಮರಗಳ ಬಗ್ಗೆ ಅವರು ಕನ್ನಡದಲ್ಲಿ ಬರೆದ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ ಬಳಿಕ ಮಲೆನಾಡಿನ ಕಾಡನ್ನು, ಹಕ್ಕಿಯನ್ನು, ಹುಲಿ ಆನೆಗಳನ್ನು ಬರೆದವರು ಹಲವರು ಬಂದರು. ನನ್ನ ವಿದ್ಯಾರ್ಥಿಗಳು ಅವನ್ನೆಲ್ಲ ಮುಗಿಬಿದ್ದು ಓದಿದರು. ತಮ್ಮ ಮನೆಯ ಹಿತ್ತಿಲಲ್ಲೇ ಇರುವ ಕಡಲಿನ ಬಗ್ಗೆ ಅಂಥದ್ದೊಂದು ಕೊಡಿ ಎಂದು ಕೇಳಿದಾಗ ನನ್ನ ಕೈ ಬರಿದು. ಪಶ್ಚಿಮ ಘಟ್ಟದಿಂದ ಪಡುವಣಕ್ಕೆ ಹರಿಯುವ ಹೊಳೆಗಳೆಲ್ಲ ಕೊನೆಗೆ ಬಂದು ಸೇರುವ ಈ ಕಡಲನ್ನು ಕನ್ನಡ ಹೀಗೆ ದಡದಲ್ಲೇ ನಿಂತು ನೋಡಿದ್ದು ಸಾಕು.

ಹಾಗಾದರೆ ಏನು ಮಾಡಬಹುದು? ನನಗೆ ತೋಚಿದ್ದನ್ನು ಹೇಳುತ್ತೇನೆ. ಆ 61 ದಿನಗಳನ್ನೇ ಬಳಸಿಕೊಳ್ಳಿ. ಬೋಟುಗಳು ಮೇಲೇರಿರುತ್ತವೆ, ಗಂಡಸರು ಜಗಲಿಯಲ್ಲಿ ಬಲೆ ಹೆಣೆಯುತ್ತಾ ಕೂತಿರುತ್ತಾರೆ, ಹೊರಗೆ ಧೋ ಎಂದು ಮಳೆ. ಬಲೆ ಹೆಣೆಯುವ ಕೈಗೆ ಪುಸ್ತಕ ಹಿಡಿಯಲಾಗದು, ಕಿವಿ ಖಾಲಿಯಿರುತ್ತದೆ. ಕಾರ್ಸನ್ ಶುರುಮಾಡಿದ್ದೂ ರೇಡಿಯೋದಿಂದಲೇ. ಮಂಗಳೂರು, ಕಾರವಾರ ಆಕಾಶವಾಣಿಯವರೊಡನೆ ಮಾತಾಡಿ ದಿನಕ್ಕೆ ಏಳೆಂಟು ನಿಮಿಷ ಪಡೆಯಿರಿ. ಒಂದು ದಿನ ಬಂಗುಡೆ, ಒಂದು ದಿನ ಕಾಣೆ, ಮಾಂಜಿ, ಅಂಜಲ್, ಒಂದು ದಿನ ಬಲೆಗೆ ಸಿಕ್ಕಿ ನಾವು ಬಿಡಿಸಿ ಕಳಿಸುವ ಕಡಲಾಮೆ. ಬರೆದವರ ಹೆಸರನ್ನು ಮೊದಲೂ ಹೇಳಿ, ಕೊನೆಯಲ್ಲೂ ಹೇಳಿ. ಮೀನಿಗೆ ನಾವು ಕರೆಯುವ ಹೆಸರನ್ನೇ ಬಳಸಲಿ. ಮಂಗಳೂರಿನ ಭೂತಾಯಿ ನಮ್ಮಲ್ಲಿ ಬೈಗೆ, ಕಾರವಾರದಲ್ಲಿ ತಾರ್ಲೆ, ಮೂರನ್ನೂ ಹೇಳಲಿ. ಓದಿದ್ದನ್ನೆಲ್ಲ ಮಳೆಗಾಲ ಮುಗಿಯುವಷ್ಟರಲ್ಲಿ ಅಗ್ಗದ ಪುಸ್ತಿಕೆ ಮಾಡಿ ಕರಾವಳಿಯ ಪ್ರತಿ ಶಾಲೆಗೆ, ಪ್ರತಿ ದಕ್ಕೆಗೆ ಮುಟ್ಟಿಸಿ. ಬಡ್ತಿಯ ಸಮಯದಲ್ಲಿ ಅವರ ಇಂಗ್ಲಿಷ್ ಸಂಶೋಧನಾ ಲೇಖನಗಳ ಜೊತೆಗೆ ಇದನ್ನೂ ಎಣಿಸುವಂತೆ ಒಂದು ಆದೇಶ ಹೊರಡಿಸಿ.

ಇನ್ನೊಂದು ವಿನಂತಿ ನಿರ್ದೇಶಕರಿಗೆ. ನಿಮ್ಮ ಕಚೇರಿಗಳಲ್ಲಿ ಚೆನ್ನಾಗಿ ಕಥೆ ಹೇಳಬಲ್ಲ ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ. ದಕ್ಕೆಯಲ್ಲಿ ಅವರ ಸುತ್ತ ಜನ ನಿಂತಿರುತ್ತಾರೆ, ಅದೇ ಗುರುತು. ಅವರನ್ನು ಕರೆದು ಹಿಗಿನ್ಸ್ ಕೇಳಿದಂತೆ ಕೇಳಿ.

ಕರಡುಗಳನ್ನು ತಿದ್ದಿಕೊಡಲು, ಮಕ್ಕಳಿಗೆ ಓದಿಸಿ ಎಲ್ಲಿ ಅರ್ಥವಾಗಲಿಲ್ಲ ಎಂದು ಗುರುತು ಹಾಕಿಕೊಡಲು ನಾನು ಸಿದ್ಧಳಿದ್ದೇನೆ, ಸಂಬಳ ಬೇಡ. ಅಂದು ದಕ್ಕೆಯಲ್ಲಿ "ಅದೇನು" ಎಂದು ಕೇಳಿದ ಹುಡುಗ ಈಗ ಮಲ್ಪೆಯಲ್ಲಿ ಪರ್ಸಿನ್ ಬೋಟಿನಲ್ಲಿ ದುಡಿಯುತ್ತಾನೆ. ಹೋದ ತಿಂಗಳು ಸಿಕ್ಕಾಗ, ಆ ಮೇಡಂ ಬರೆದುಕೊಟ್ಟರಾ ಟೀಚರೇ ಎಂದು ವಿಚಾರಿಸಿದ.

ಇಂತಿ ನಮಸ್ಕಾರಗಳೊಂದಿಗೆ,
ನಿವೃತ್ತ ವಿಜ್ಞಾನ ಶಿಕ್ಷಕಿ
ಕುಂದಾಪುರ ತಾಲ್ಲೂಕು, ಉಡುಪಿ ಜಿಲ್ಲೆ